ಕಡಿಮೆ ರೇಟಿನ ಹಳೇ ಸ್ಟೈಲ್ ಗೇಮ್ ಪ್ಯಾಡ್, ಮನೆಯ ಸಿಸ್ಟಮ್: ಪದೇ ಪದೇ ಕೇಳುವ ಪ್ರಶ್ನೆಗಳು

ಮಂಡ್ಯದ ನಮ್ಮ ಮನೆಯ ಸಿಸ್ಟಮ್ಮಿಗೆ, ಅಂದರೆ ಕಂಪ್ಯೂಟರಿಗೆ, ಎರಡು ಗೇಮ್ ಪ್ಯಾಡ್ ಹಾಕಿ ನಾಲ್ಕು ವರ್ಷ ಆಯ್ತು. ಮನೆಗೆ ಬಂದ ನೆಂಟರು, ಬೀದಿಯ ಮಕ್ಕಳ ಅಪ್ಪ ಅಮ್ಮಂದಿರು, ಮೈಸೂರಿನ ನಮ್ಮತ್ತೆ ಮನೆಯವರು, ಎಲ್ಲರೂ ಕೇಳುವುದು ಹೆಚ್ಚುಕಮ್ಮಿ ಇವೇ ಪ್ರಶ್ನೆಗಳನ್ನು. ಫೋನಿನಲ್ಲಿ ಹೇಳಿದರೆ ಅರ್ಧ ಮರೆತುಹೋಗುತ್ತದೆ. ಅದಕ್ಕೆ ಇಲ್ಲಿ ಬರೆದಿಟ್ಟಿದ್ದೇನೆ.

ಯಾವ ಪ್ಯಾಡ್ ಬಗ್ಗೆ ಹೇಳ್ತಿದ್ದೀರಿ?

ಎಡಗಡೆ ಪ್ಲಸ್ ಆಕಾರದ ದಿಕ್ಕಿನ ಬಟನ್, ಬಲಗಡೆ ನಾಲ್ಕು ಬಣ್ಣದ ಬಟನ್, ನಡುವೆ ಸೆಲೆಕ್ಟ್ ಮತ್ತು ಸ್ಟಾರ್ಟ್, ಮೇಲಂಚಿನಲ್ಲಿ ಎಲ್ ಮತ್ತು ಆರ್. ಕೊನೆಯಲ್ಲಿ ಯುಎಸ್‌ಬಿ ಪಿನ್. ಇದು ನಿಂಟೆಂಡೊ ಕಂಪನಿಯ ಸೂಪರ್ ಫ್ಯಾಮಿಕಾಮ್ ಅನ್ನೋ ಟಿವಿ ಗೇಮ್ ಯಂತ್ರದ ಪ್ಯಾಡ್‌ನ ನಕಲು. ಮೂಲದ್ದು ಜಪಾನ್‌ನಲ್ಲಿ 1990ರ ನವೆಂಬರ್‌ನಲ್ಲಿ ಬಂತು, ಮುಂದಿನ ವರ್ಷ ಅಮೆರಿಕಕ್ಕೆ ಸೂಪರ್ ನಿಂಟೆಂಡೊ ಅನ್ನೋ ಹೆಸರಿನಲ್ಲಿ ಹೋಯಿತು. ಪ್ಲಸ್ ಆಕಾರ ಅದಕ್ಕಿಂತ ಹಳೆಯದು. 1982ರಲ್ಲಿ ನಿಂಟೆಂಡೊದ ಗುನ್‌ಪೇ ಯೊಕೊಯ್ ಒಂದು ಕೈಯಾಟಿಕೆಗೆ ಅಂತ ಮಾಡಿದ್ದು. ಇವತ್ತಿಗೂ ಹೆಬ್ಬೆರಳಿಗೆ ಅದಕ್ಕಿಂತ ಒಳ್ಳೆಯದನ್ನು ಯಾರೂ ಮಾಡಿಲ್ಲ ಅನ್ನೋದು ನನ್ನ ಅಭಿಪ್ರಾಯ.

ನಾನು ನನ್ನ ಎರಡು ಪ್ಯಾಡ್‌ಗೆ ಕೊಟ್ಟಿದ್ದು ತಲಾ 350 ರೂಪಾಯಿ. ಒಂದನ್ನು ಮೈಸೂರಿನಲ್ಲಿ ಅಂಗಡಿಯಲ್ಲೇ ನೋಡಿ ತಗೊಂಡೆ, ಇನ್ನೊಂದನ್ನು ಆನ್‌ಲೈನ್‌ನಲ್ಲಿ ತರಿಸಿದೆ. ಹೊರಗಡೆ ಎರಡೂ ಒಂದೇ ಥರ ಕಾಣುತ್ತವೆ, ಕೈಗೆ ಹಿಡಿದರೆ ಬೇರೆ ಬೇರೆ.

ಕೀಬೋರ್ಡ್ ಇದೆಯಲ್ಲ, ಪ್ಯಾಡ್ ಯಾಕೆ ಬೇಕು?

ಒಬ್ಬರೇ ಆಡುವುದಾದರೆ ಕೀಬೋರ್ಡ್ ಸಾಕು, ಸುಮ್ನೆ ದುಡ್ಡು ಹಾಕಬೇಡಿ. ಇಬ್ಬರು ಮಕ್ಕಳು ಒಂದೇ ಕೀಬೋರ್ಡಿನಲ್ಲಿ ಆಡಿದಾಗಲೇ ಜಗಳ ಶುರುವಾಗುವುದು. "ನಾನು ಒತ್ತಿದೆ, ಅದು ಹಾರಲಿಲ್ಲ" ಅಂತ ಒಬ್ಬ ಅಳುತ್ತಾನೆ, ಇನ್ನೊಬ್ಬಳು "ಸುಳ್ಳು ಹೇಳ್ತಾನೆ" ಅಂತಾಳೆ. ಅವನು ಹೇಳುವುದು ನಿಜ. ಸಾಧಾರಣ ಕೀಬೋರ್ಡಿನ ಒಳಗೆ ಕೀಗಳಿಗೆ ಅಡ್ಡ ಉದ್ದ ಗೆರೆಗಳ ಬಲೆ ಇರುತ್ತದೆ, ಒಂದೊಂದು ಕೀಗೂ ಬೇರೆ ಬೇರೆ ತಂತಿ ಇರುವುದಿಲ್ಲ. ಮೂರು ನಾಲ್ಕು ಕೀ ಒಟ್ಟಿಗೆ ಒತ್ತಿದರೆ ಕೆಲವು ಜೋಡಿಗಳು ಅದಕ್ಕೆ ಗೊತ್ತೇ ಆಗುವುದಿಲ್ಲ. ಪ್ಯಾಡ್‌ನಲ್ಲಿ ಪ್ರತಿ ಬಟನ್‌ಗೂ ಅದರದೇ ಜಾಗ ಇದೆ, ಎಲ್ಲವನ್ನೂ ಒಟ್ಟಿಗೆ ಒತ್ತಿದರೂ ಸಿಸ್ಟಮ್ಮಿಗೆ ಎಲ್ಲವೂ ಗೊತ್ತಾಗುತ್ತದೆ. ನಮ್ಮ ಮನೆಗೆ ಪ್ಯಾಡ್ ಬಂದಿದ್ದೇ ಈ ಕಾರಣಕ್ಕೆ.

ಡ್ರೈವರ್ ಹಾಕಬೇಕಾ? ಡಬ್ಬಿಯಲ್ಲಿ ಸಿಡಿ ಇಲ್ಲ.

ಬೇಡ. ಡ್ರೈವರ್ ಅಂದರೆ ಸಾಧನದ ಜೊತೆ ಮಾತಾಡಲು ಸಿಸ್ಟಮ್ಮಿಗೆ ಬೇಕಾದ ಸಾಫ್ಟ್‌ವೇರ್. ಮೌಸ್, ಕೀಬೋರ್ಡ್‌ಗಳ ಹಾಗೆಯೇ ಇದು ಎಚ್‌ಐಡಿ ಅನ್ನೋ ವರ್ಗದ ಸಾಧನ. ವಿಂಡೋಸ್ 98ರ ಕಾಲದಿಂದಲೂ ಈ ವರ್ಗಕ್ಕೆ ಬೇಕಾದದ್ದು ವಿಂಡೋಸ್ ಒಳಗೇ ಇದೆ, ವಿಂಡೋಸ್ ಬದಲು ಕೆಲವರು ಹಾಕಿಕೊಳ್ಳುವ ಲಿನಕ್ಸ್‌ನಲ್ಲೂ ಇದೆ. ಚುಚ್ಚಿದರೆ ಹತ್ತು ಸೆಕೆಂಡಿನಲ್ಲಿ ಸಿಸ್ಟಮ್ ಗುರುತು ಹಿಡಿಯಬೇಕು. ಹಿಡಿಯದಿದ್ದರೆ ಬೇರೆ ಪೋರ್ಟ್ ನೋಡಿ, ಅದರಲ್ಲೂ ಸಿಪಿಯು ಡಬ್ಬದ ಹಿಂಬದಿಯ ಪೋರ್ಟ್. ಹಳೇ ಡಬ್ಬಗಳಲ್ಲಿ ಮುಂದಿನ ಪೋರ್ಟ್ ಸಡಿಲವಾಗಿರುವುದೇ ಜಾಸ್ತಿ.

"ಗೇಮ್‌ಪ್ಯಾಡ್ ಡ್ರೈವರ್ ಉಚಿತ ಡೌನ್‌ಲೋಡ್" ಅಂತ ಹುಡುಕಲು ದಯವಿಟ್ಟು ಹೋಗಬೇಡಿ. ಅಲ್ಲಿ ಸಿಗುವುದರಲ್ಲಿ ಬಹುಪಾಲು ಬೇಡದ ಸಾಫ್ಟ್‌ವೇರ್. ನಮ್ಮ ಪಕ್ಕದ ಮನೆಯ ಹುಡುಗ ಅಂಥದ್ದೊಂದನ್ನು ಹಾಕಿಕೊಂಡ. ಆಮೇಲೆ ಅವನ ಬ್ರೌಸರ್ ತುಂಬಾ ಜಾಹೀರಾತು. ಕೊನೆಗೆ ವಿಂಡೋಸನ್ನೇ ಹೊಸದಾಗಿ ಹಾಕಬೇಕಾಯಿತು, ಅವನ ಅಕ್ಕನ ಪ್ರಾಜೆಕ್ಟ್ ಫೈಲುಗಳು ಹೋದವು. ನನಗೆ ಅದು ಇನ್ನೂ ಬೇಜಾರು.

ಪ್ಯಾಡ್ ಸರಿ ಇದೆಯಾ ಅಂತ ನೋಡುವುದು ಹೇಗೆ?

ಇದನ್ನು ತಂದ ದಿನವೇ ಮಾಡಿ. ವಾಪಸ್ ಕೊಡುವ ಅವಧಿ ಮುಗಿದ ಮೇಲೆ ಮಾಡಿದರೆ ಏನು ಬಂತು.

ವಿಂಡೋಸ್ ಕೀ ಹಿಡಿದು ಆರ್ ಒತ್ತಿ. ಬರುವ ಚಿಕ್ಕ ಪೆಟ್ಟಿಗೆಯಲ್ಲಿ ಜೆ, ಒ, ವೈ, ಚುಕ್ಕಿ, ಸಿ, ಪಿ, ಎಲ್ ಅನ್ನೋ ಅಕ್ಷರಗಳನ್ನು ಇಂಗ್ಲಿಷಿನಲ್ಲಿ ಜಾಗ ಬಿಡದೆ ಟೈಪ್ ಮಾಡಿ ಎಂಟರ್ ಕೊಡಿ. ಪ್ಯಾಡ್‌ನ ಹೆಸರು ಕಾಣುತ್ತದೆ. ಪ್ರಾಪರ್ಟೀಸ್ ಒತ್ತಿದರೆ ಒಂದು ಚೌಕ, ಅದರ ನಡುವೆ ಸಣ್ಣ ಪ್ಲಸ್ ಗುರುತು, ಪಕ್ಕದಲ್ಲಿ ನಂಬರ್ ಇರುವ ಕೆಂಪು ದೀಪಗಳು. ಲಿನಕ್ಸ್ ಇದ್ದವರು ಜೆಎಸ್‌ಟೆಸ್ಟ್-ಜಿಟಿಕೆ ಅನ್ನೋ ಪ್ರೋಗ್ರಾಂ ಹಾಕಿಕೊಳ್ಳಿ, ಅದೂ ಇದೇ ಕೆಲಸ ಮಾಡುತ್ತದೆ.

ಮೊದಲು ಒಂದೊಂದೇ ಬಟನ್ ಒತ್ತಿ. ಒಂದು ಒತ್ತಿಗೆ ಒಂದೇ ದೀಪ ಹತ್ತಬೇಕು, ಬಿಟ್ಟ ತಕ್ಷಣ ಆರಬೇಕು. ಮಿಣಮಿಣ ಅಂದರೆ ಒಳಗೆ ಸರಿಯಾಗಿ ತಾಗುತ್ತಿಲ್ಲ ಅಂತ. ಆಮೇಲೆ ದಿಕ್ಕಿನ ಬಟನ್. ಇಲ್ಲಿ ಆತುರ ಬೇಡ. ಹೆಬ್ಬೆರಳನ್ನು ಎತ್ತದೆ ಪ್ಲಸ್ ಮೇಲೆ ಸುತ್ತಲೂ ಉರುಳಿಸಿ. ಪರದೆಯ ಗುರುತು ನಾಲ್ಕು ಬದಿ, ನಾಲ್ಕು ಮೂಲೆ, ಒಟ್ಟು ಎಂಟು ಜಾಗಕ್ಕೂ ಹೋಗಬೇಕು. ಮೂಲೆಗೆ ಹೋಗದಿದ್ದರೆ ಓರೆಯಾಗಿ ನಡೆಯುವ ಆಟಗಳು ಕಷ್ಟ. ಇನ್ನೊಂದು, ಇದನ್ನು ಯಾರೂ ನೋಡುವುದಿಲ್ಲ: ಬಲಗಡೆಯನ್ನು ಒತ್ತಿ ಹಿಡಿದು, ಆಟದ ಬಿಸಿಯಲ್ಲಿ ಒತ್ತುವಷ್ಟೇ ಜೋರಾಗಿ, ಬೆರಳನ್ನು ಸ್ವಲ್ಪ ಅಲ್ಲಾಡಿಸಿ. ಗುರುತು ಬಲಗಡೆಯೇ ನಿಲ್ಲಬೇಕು. ಮೇಲೋ ಕೆಳಗೋ ಜಾರಿದರೆ ಆಟದಲ್ಲಿ ನೀವು ಓಡುವಾಗ ಗೊಂಬೆ ಕೂತುಬಿಡುತ್ತದೆ, ಏಣಿ ಹತ್ತಿಬಿಡುತ್ತದೆ. ಕಡಿಮೆ ರೇಟಿನ ಪ್ಯಾಡ್‌ನಲ್ಲಿ ದುಡ್ಡು ಉಳಿಸುವುದು ಇಲ್ಲೇ. ಒಳ್ಳೆಯ ಪ್ಯಾಡ್‌ನಲ್ಲಿ ಪ್ಲಸ್‌ನ ನಡುವೆ ಕೆಳಗೊಂದು ಗೂಟ ಇರುತ್ತದೆ, ಅದರ ಮೇಲೆ ಅದು ತಕ್ಕಡಿಯ ಹಾಗೆ ವಾಲುತ್ತದೆ. ಕೆಲವು ನಕಲುಗಳಲ್ಲಿ ಆ ಗೂಟ ಮೋಟು, ಕೆಲವಲ್ಲಿ ಇಲ್ಲವೇ ಇಲ್ಲ.

ಅಂಗಡಿಯಲ್ಲಿ ತಗೊಳ್ಳುವವರು ಲ್ಯಾಪ್‌ಟಾಪ್ ಒಯ್ದು ಅಲ್ಲೇ ಈ ಪರೀಕ್ಷೆ ಮಾಡಿ. ನಾನು ಹಾಗೆ ಕೇಳಿದಾಗ ಅಂಗಡಿಯವರು ಬೇಸರ ಮಾಡಿಕೊಳ್ಳಲಿಲ್ಲ, ಇರುವ ಮೂರು ಪ್ಯಾಡ್ ತೆಗೆದಿಟ್ಟರು. ಮೂರನೆಯದು ಚೆನ್ನಾಗಿತ್ತು.

ಬಟನ್ ನಂಬರ್ 6ರಿಂದ ನೇರ 9ಕ್ಕೆ ಹಾರುತ್ತದೆ. ಡಿಫೆಕ್ಟ್ ಅಲ್ವಾ?

ಅಲ್ಲ. ನನ್ನ ಪ್ಯಾಡ್‌ನಲ್ಲೂ ಹಾಗೇ: ಎಕ್ಸ್ 1, ಎ 2, ಬಿ 3, ವೈ 4, ಎಲ್ 5, ಆರ್ 6, ಸೆಲೆಕ್ಟ್ 9, ಸ್ಟಾರ್ಟ್ 10. ದೊಡ್ಡ ಪ್ಯಾಡ್‌ಗಳಲ್ಲಿ ಭುಜದ ಹತ್ತಿರ ಇನ್ನೆರಡು ಬಟನ್ ಇರುತ್ತವಲ್ಲ, 7 ಮತ್ತು 8 ಅವುಗಳ ಜಾಗ. ಲಿನಕ್ಸ್‌ನ ಪರೀಕ್ಷೆಯಲ್ಲಿ ಎಣಿಕೆ ಸೊನ್ನೆಯಿಂದ ಶುರುವಾಗುತ್ತದೆ, ಆದ್ದರಿಂದ ಅಲ್ಲಿ ಎಲ್ಲವೂ ಒಂದೊಂದು ಕಡಿಮೆ ಕಾಣುತ್ತದೆ. ಗಾಬರಿ ಬೇಡ.

ಆಟದಲ್ಲಿ "ಎ ಒತ್ತಿ" ಅಂತಾರೆ, ಎ ಒತ್ತಿದರೆ ಬೇರೇನೋ ಆಗುತ್ತದೆ.

ಇದು ಒಂದು ಅರ್ಥವಾದರೆ ಮುಕ್ಕಾಲು ಪಾಲು ತಲೆನೋವು ಹೋಗುತ್ತದೆ. ಬಟನ್ ಮೇಲೆ ಬರೆದ ಅಕ್ಷರ ಸಿಸ್ಟಮ್ಮಿಗೆ ಗೊತ್ತಿಲ್ಲ. ಪ್ಯಾಡ್ ಕಳಿಸುವುದು "2ನೇ ಬಟನ್ ಒತ್ತಿದೆ" ಅನ್ನೋ ಸುದ್ದಿ ಮಾತ್ರ. ಆ 2 ಅಂದರೆ ಹಾರುವುದಾ, ಹೊಡೆಯುವುದಾ, ಅದು ಆಟದ ತೀರ್ಮಾನ, ಅಥವಾ ನಿಮ್ಮ ತೀರ್ಮಾನ.

ಗೊಂದಲ ಜಾಸ್ತಿ ಆಗಲು ಇನ್ನೊಂದು ಕಾರಣ ಇದೆ. ನಿಂಟೆಂಡೊ ಪ್ಯಾಡ್‌ನಲ್ಲಿ ಮೇಲೆ ಎಕ್ಸ್, ಬಲಕ್ಕೆ ಎ, ಕೆಳಗೆ ಬಿ, ಎಡಕ್ಕೆ ವೈ. ಮೈಕ್ರೋಸಾಫ್ಟ್ ಕಂಪನಿಯ ಗೇಮ್ ಯಂತ್ರವಾದ ಎಕ್ಸ್‌ಬಾಕ್ಸ್ ಪ್ಯಾಡ್‌ನಲ್ಲಿ ಮೇಲೆ ವೈ, ಬಲಕ್ಕೆ ಬಿ, ಕೆಳಗೆ ಎ, ಎಡಕ್ಕೆ ಎಕ್ಸ್. ಅವವೇ ನಾಲ್ಕು ಅಕ್ಷರ, ಜಾಗ ಮಾತ್ರ ಅದಲುಬದಲು. ವಿಂಡೋಸ್ ಆಟಗಳನ್ನು ಮಾಡುವವರು ಎಕ್ಸ್‌ಬಾಕ್ಸ್ ಪ್ಯಾಡನ್ನು ಮನಸ್ಸಿನಲ್ಲಿ ಇಟ್ಟುಕೊಂಡಿರುತ್ತಾರೆ. ನಾನು ಮಕ್ಕಳಿಗೆ ಹೇಳಿಕೊಡುವಾಗ ಅಕ್ಷರದ ಹೆಸರನ್ನೇ ಬಿಟ್ಟೆ. "ಕೆಳಗಿನದು ಹಾರುವುದಕ್ಕೆ, ಎಡಗಡೆಯದು ಓಡುವುದಕ್ಕೆ" ಅಂತ ಜಾಗದ ಲೆಕ್ಕದಲ್ಲಿ ಹೇಳಿದೆ. ಒಂದೇ ಸಂಜೆಯಲ್ಲಿ ಕಲಿತರು.

ಆಟದ ಸೆಟ್ಟಿಂಗ್ಸ್‌ನಲ್ಲಿ ಕಂಟ್ರೋಲ್ಸ್ ಅಥವಾ ಇನ್‌ಪುಟ್ ಅನ್ನೋ ಜಾಗ ಹುಡುಕಿ. ಅಲ್ಲಿ ಒಂದೊಂದು ಕೆಲಸಕ್ಕೂ ನಿಮಗೆ ಬೇಕಾದ ಬಟನ್ ಒತ್ತಿ ಕೂರಿಸಬಹುದು.

ವಿಂಡೋಸ್‌ಗೆ ಪ್ಯಾಡ್ ಕಾಣುತ್ತದೆ, ಆಟಕ್ಕೆ ಮಾತ್ರ ಕಾಣಲ್ಲ. ಯಾಕೆ?

ವಿಂಡೋಸ್‌ನಲ್ಲಿ ಪ್ಯಾಡ್ ಜೊತೆ ಮಾತಾಡಲು ಹಳೆಯದೊಂದು ದಾರಿ ಇದೆ, ಡೈರೆಕ್ಟ್‌ಇನ್‌ಪುಟ್. 2005ರಲ್ಲಿ ಎಕ್ಸ್‌ಬಾಕ್ಸ್ 360 ಜೊತೆ ಇನ್ನೊಂದು ಬಂತು, ಎಕ್ಸ್‌ಇನ್‌ಪುಟ್. ನಮ್ಮ ಕಡಿಮೆ ರೇಟಿನ ಪ್ಯಾಡ್‌ಗಳು ಸಾಮಾನ್ಯವಾಗಿ ಹಳೇ ದಾರಿಯವು. ಆಮೇಲೆ ಬಂದ ಎಷ್ಟೋ ಆಟಗಳು ಹೊಸ ದಾರಿಯಲ್ಲಿ ಮಾತ್ರ ಕಾಯುತ್ತಾ ಕೂತಿರುತ್ತವೆ. ಪ್ಯಾಡ್ ಒಂದು ಬಾಗಿಲಲ್ಲಿ ನಿಂತಿದೆ, ಆಟ ಇನ್ನೊಂದು ಬಾಗಿಲು ನೋಡುತ್ತಿದೆ.

ಸುಲಭದ ಪರಿಹಾರ ಸ್ಟೀಮ್, ಕಂಪ್ಯೂಟರ್ ಆಟಗಳನ್ನು ಮಾರುವ, ಓಡಿಸುವ ಪ್ರೋಗ್ರಾಂ. ಅದರ ಸೆಟ್ಟಿಂಗ್ಸ್‌ನಲ್ಲಿ ಕಂಟ್ರೋಲರ್ ಅನ್ನೋ ಭಾಗಕ್ಕೆ ಹೋಗಿ, ಸಾಮಾನ್ಯ ಕಂಟ್ರೋಲರ್‌ಗಳಿಗೂ ಸ್ಟೀಮ್ ಇನ್‌ಪುಟ್ ಬೇಕು ಅಂತ ಆನ್ ಮಾಡಿ. ಅದು ಬಟನ್‌ಗಳನ್ನು ಒಂದೊಂದಾಗಿ ಕೇಳುತ್ತದೆ, ನಿಮ್ಮಲ್ಲಿ ಇಲ್ಲದ್ದನ್ನು ಕೇಳಿದರೆ ದಾಟಿಸಿ ಮುಂದೆ ಹೋಗಿ. ಮುಗಿದ ಮೇಲೆ ಆಟಕ್ಕೆ ಎಕ್ಸ್‌ಬಾಕ್ಸ್ ಪ್ಯಾಡ್ ಸಿಕ್ಕ ಹಾಗೆ ಕಾಣುತ್ತದೆ. ಸ್ಟೀಮ್‌ನಲ್ಲಿ ಕೊಳ್ಳದ ಆಟವನ್ನೂ ಅದರ ಲೈಬ್ರರಿಗೆ ಸೇರಿಸಿ, ಅಲ್ಲಿಂದಲೇ ಶುರು ಮಾಡಬಹುದು.

ಸ್ಟೀಮ್ ಬೇಡ ಅನ್ನುವವರಿಗೆ ಆಂಟಿಮೈಕ್ರೋಎಕ್ಸ್ ಇದೆ. ಉಚಿತ, ಮೂಲ ಕೋಡ್ ತೆರೆದದ್ದು, ವಿಂಡೋಸ್ ಲಿನಕ್ಸ್ ಎರಡರಲ್ಲೂ ಓಡುತ್ತದೆ. ಇದು ಪ್ಯಾಡ್‌ನ ಬಟನ್ನುಗಳನ್ನು ಕೀಬೋರ್ಡ್ ಕೀಗಳಾಗಿ ಬದಲಾಯಿಸುತ್ತದೆ. ಪ್ಯಾಡ್ ಅಂದರೆ ಏನು ಅಂತಲೇ ಗೊತ್ತಿಲ್ಲದ ಆಟಕ್ಕೂ ಇದು ನಡೆಯುತ್ತದೆ. ಹಳೇ ಸಿಸ್ಟಮ್‌ಗಳಿಗೆ ನಾನು ಇದನ್ನೇ ಹಾಕಿಕೊಡುತ್ತೇನೆ, ಹಗುರ ಇದೆ.

ಒಂದು ಮಾತು ಮಾತ್ರ ಮೊದಲೇ ಹೇಳಬೇಕು. ಎರಡು ಅನಲಾಗ್ ಸ್ಟಿಕ್ (ಹೆಬ್ಬೆರಳಲ್ಲಿ ಯಾವ ಕಡೆಗಾದರೂ ವಾಲಿಸುವ ಪುಟ್ಟ ಕಡ್ಡಿ) ಬೇಕಾದ ಆಟವನ್ನು, ಅಂದರೆ ಒಂದರಿಂದ ನಡೆಯುವುದು ಇನ್ನೊಂದರಿಂದ ಸುತ್ತ ನೋಡುವುದು ಅಂಥವನ್ನು, ಈ ಪ್ಯಾಡ್‌ನಲ್ಲಿ ಆಡಲು ಹೋಗಬೇಡಿ. ಯಾವ ಸಾಫ್ಟ್‌ವೇರ್ ಹಾಕಿದರೂ ಇಲ್ಲದ ಸ್ಟಿಕ್ ಹುಟ್ಟುವುದಿಲ್ಲ. ಎಡದಿಂದ ಬಲಕ್ಕೆ ಓಡುವ ಆಟ, ಮೇಲಿನಿಂದ ನೋಡುವ ಆಟ, ಕುಸ್ತಿ ಥರದ ಆಟ, ಇವುಗಳಿಗೆ ಇದು ಬಹಳ ಚೆನ್ನ.

ದಿಕ್ಕಿನ ಬಟನ್ ಒತ್ತದಿದ್ದರೂ ಗೊಂಬೆ ತಾನಾಗೇ ನಡೆಯುತ್ತದೆ.

ಪ್ಯಾಡ್ ತನ್ನ ದಿಕ್ಕನ್ನು ಸ್ಟಿಕ್ ಥರ ಅಂಕಿಯಲ್ಲಿ ಕಳಿಸುತ್ತದೆ. ಎಡ ಅಂದರೆ 0, ಬಲ ಅಂದರೆ 255, ಸುಮ್ಮನಿದ್ದರೆ ನಡುವಿನ 127. ಯಾರಾದರೂ ವಿಂಡೋಸ್‌ನಲ್ಲಿ ಕ್ಯಾಲಿಬ್ರೇಟ್ (ಈ ಅಂಕಿಗಳನ್ನು ಹೊಸದಾಗಿ ಹೊಂದಿಸುವುದು) ಅನ್ನೋದನ್ನು ಒತ್ತಿ ಅರ್ಧಕ್ಕೆ ಬಿಟ್ಟಿದ್ದರೆ ಆ ನಡುವಿನ ಲೆಕ್ಕ ತಪ್ಪಿರುತ್ತದೆ. ಮೇಲೆ ಹೇಳಿದ ಪ್ರಾಪರ್ಟೀಸ್‌ನಲ್ಲೇ ಸೆಟ್ಟಿಂಗ್ಸ್ ಅನ್ನೋ ಹಾಳೆಗೆ ಹೋಗಿ ರೀಸೆಟ್ ಟು ಡೀಫಾಲ್ಟ್ ಒತ್ತಿ. ಈ ಪ್ಯಾಡ್‌ಗೆ ಕ್ಯಾಲಿಬ್ರೇಟ್ ಮಾಡುವ ಅಗತ್ಯವೇ ಇಲ್ಲ.

ಟರ್ಬೊ ಅಂತ ಒಂದು ಬಟನ್ ಇದೆ, ಏನದು?

ಅದನ್ನು ಹಿಡಿದು ಇನ್ನೊಂದು ಬಟನ್ ಒತ್ತಿದರೆ, ಆಮೇಲೆ ಆ ಬಟನ್ ಹಿಡಿದಷ್ಟು ಹೊತ್ತೂ ಪಟಪಟ ಅಂತ ತಾನೇ ಒತ್ತಿಕೊಳ್ಳುತ್ತದೆ. ತೆಗೆಯಲು ಕ್ಲಿಯರ್. ಎಲ್ಲಾ ಪ್ಯಾಡ್‌ಗಳಲ್ಲಿ ಇದು ಇರುವುದಿಲ್ಲ. ಮಕ್ಕಳು ತಿಳಿಯದೆ ಹಾಕಿಬಿಟ್ಟು "ಬಟನ್ ಕೆಟ್ಟುಹೋಯ್ತು" ಅಂತ ಓಡಿಬರುತ್ತಾರೆ, ಮೊದಲು ಇದನ್ನು ನೋಡಿ.

ಒಂದೇ ಥರದ ಎರಡು ಪ್ಯಾಡ್ ಹಾಕಿದರೆ ಒಂದನೇ ಆಟಗಾರ ಯಾರು ಅಂತ ದಿನಾ ಬದಲಾಗುತ್ತದೆ.

ಎರಡಕ್ಕೂ ಹೆಸರು ಒಂದೇ. ಸಿಸ್ಟಮ್ಮಿಗೆ ಅವಳಿ ಮಕ್ಕಳ ಹಾಗೆ. ಯಾವ ಪೋರ್ಟ್‌ಗೆ ಚುಚ್ಚಿದ್ದೀರಿ, ಯಾವುದನ್ನು ಮೊದಲು ಚುಚ್ಚಿದ್ದೀರಿ, ಅದರ ಮೇಲೆ ಅದು ಸಾಲು ಹಚ್ಚುತ್ತದೆ. ನಮ್ಮ ಮನೆಯಲ್ಲಿ ಒಂದರ ಪಿನ್‌ಗೆ ಕೆಂಪು ನೈಲ್ ಪಾಲಿಶ್ ಚುಕ್ಕಿ ಇಟ್ಟು, ಸಿಪಿಯು ಹಿಂದಿನ ಪೋರ್ಟ್‌ಗೂ ಅದೇ ಬಣ್ಣದ ಚುಕ್ಕಿ ಇಟ್ಟೆ. ಕೆಂಪು ಕೆಂಪಿಗೆ ಹೋಗಬೇಕು, ಮೊದಲು ಹೋಗಬೇಕು. ಅಷ್ಟೇ, ಜಗಳ ನಿಂತಿತು.

ವೈರು ಚಿಕ್ಕದು, ಉದ್ದ ಮಾಡಬಹುದಾ?

ಯುಎಸ್‌ಬಿ ಎಕ್ಸ್‌ಟೆನ್ಷನ್ ಸಿಗುತ್ತದೆ, ಒಂದೂವರೆ ಮೀಟರಿನದು ಸಾಕು. ಇಂಥ ನಿಧಾನ ವೇಗದ ಯುಎಸ್‌ಬಿ ಸಾಧನಗಳಿಗೆ ಕೇಬಲ್ ಒಟ್ಟು 3 ಮೀಟರ್ ದಾಟಬಾರದು ಅನ್ನುವುದು ನಿಯಮ. ನಮ್ಮತ್ತೆ ಮನೆಯಲ್ಲಿ ದಸರಾ ಬಂದರೆ ಬೊಂಬೆ ಕೂರಿಸಲು ಹಾಲ್‌ನ ಗೋಡೆ ಬೇಕು, ಸಿಸ್ಟಮ್ ಮೇಜು ಕಿಟಕಿ ಮೂಲೆಗೆ ಸರಿಯುತ್ತದೆ. ಆ ಹತ್ತು ದಿನ ಮಕ್ಕಳು ಚಾಪೆ ಮೇಲೆ ಕೂತು ಆಡಲು ಎಕ್ಸ್‌ಟೆನ್ಷನ್ ಬೇಕೇ ಬೇಕು. ವೈರು ನಡೆಯುವ ದಾರಿಗೆ ಅಡ್ಡ ಬರದ ಹಾಗೆ ಗೋಡೆ ಪಕ್ಕ ಎಳೆಯಿರಿ. ಬೊಂಬೆ ಆರತಿಗೆ ತಟ್ಟೆ ಹಿಡಿದು ಬರುವವರು ಕೆಳಗೆ ನೋಡಿಕೊಂಡು ಬರುವುದಿಲ್ಲ.

ಒತ್ತಿದ್ದು ತಡವಾಗಿ ಆಗುತ್ತದೆ ಅನ್ನಿಸುತ್ತದೆ.

ಪ್ಯಾಡ್ ಕಾರಣ ಆಗಿರುವುದು ಅಪರೂಪ. ಇಂಥ ಪ್ಯಾಡ್‌ಗಳನ್ನು ಸಿಸ್ಟಮ್ ಸುಮಾರು 10 ಮಿಲಿಸೆಕೆಂಡಿಗೆ ಒಮ್ಮೆ ವಿಚಾರಿಸುತ್ತದೆ. ಸೆಕೆಂಡಿಗೆ 60 ಚಿತ್ರ ತೋರಿಸುವ ಪರದೆಯಲ್ಲಿ ಒಂದು ಚಿತ್ರ ಇರುವುದೇ ಸುಮಾರು 16.7 ಮಿಲಿಸೆಕೆಂಡು. ದೊಡ್ಡ ಟಿವಿಗೆ ಸಿಸ್ಟಮ್ ಹಾಕಿದ್ದರೆ ಟಿವಿಯ ಗೇಮ್ ಮೋಡ್ ಆನ್ ಮಾಡಿ ನೋಡಿ. ಟಿವಿ ಚಿತ್ರವನ್ನು ಚೆಂದ ಮಾಡಲು ತಗೊಳ್ಳುವ ಸಮಯವೇ ಆ ತಡ.

ಬಟನ್ ಸರಿಯಾಗಿ ಒತ್ತುತ್ತಿಲ್ಲ, ಎಸೆಯಬೇಕಾ?

ಎಸೆಯಬೇಡಿ, ಬಿಚ್ಚಿ. ವೈರು ತೆಗೆದು, ಪ್ಯಾಡನ್ನು ಬೋರಲು ಹಾಕಿ, ಹಿಂದಿನ ತಿರುಪುಗಳನ್ನು ಸಣ್ಣ ಸ್ಟಾರ್ ಸ್ಕ್ರೂಡ್ರೈವರ್‌ನಲ್ಲಿ ಬಿಚ್ಚಿ. ಮುಚ್ಚಳವನ್ನು ಮೆಲ್ಲಗೆ ಎತ್ತಿ, ಎಲ್ ಆರ್ ಬಟನ್ನುಗಳು ಜಾರಿ ಬೀಳಬಹುದು, ಎತ್ತುವ ಮೊದಲೇ ಒಂದು ಫೋಟೋ ತೆಗೆಯಿರಿ. ಒಳಗೆ ಒಂದು ಹಸಿರೋ ಕಂದೋ ಬೋರ್ಡು, ಅದರ ಕೆಳಗೆ ರಬ್ಬರ್ ಪೊರೆ. ರಬ್ಬರಿನ ಪ್ರತಿ ಗುಬ್ಬಿಯ ಒಳಗೂ ಕಪ್ಪು ಬಿಲ್ಲೆ ಇದೆ. ನೀವು ಒತ್ತಿದಾಗ ಆ ಬಿಲ್ಲೆ ಬೋರ್ಡಿನ ಎರಡು ಗೆರೆಗಳನ್ನು ಜೋಡಿಸುತ್ತದೆ. ಇಡೀ ಯಂತ್ರ ಇಷ್ಟೇ.

ಕೆಡುವುದು ಹೆಚ್ಚಾಗಿ ಕೊಳೆಯಿಂದ. ಚುರುಮುರಿ ತಿಂದ ಕೈಯಲ್ಲೇ ಆಡುತ್ತಾರೆ, ಎಣ್ಣೆ ಉಪ್ಪು ಬೆವರು ಎಲ್ಲಾ ಒಳಗೆ ಇಳಿಯುತ್ತದೆ. ಮೊಬೈಲ್ ರಿಪೇರಿ ಸಾಮಾನು ಮಾರುವ ಕಡೆ ಐಪಿಎ, ಅಂದರೆ ಐಸೊಪ್ರೊಪೈಲ್ ಆಲ್ಕೋಹಾಲ್, ಅಂತ ಕೇಳಿದರೆ ಕೊಡುತ್ತಾರೆ. ಹತ್ತಿಗೆ ಸ್ವಲ್ಪ ಹಾಕಿ ಬೋರ್ಡಿನ ಗೆರೆಗಳನ್ನು ಒರೆಸಿ. ಕಪ್ಪು ಬಿಲ್ಲೆಯನ್ನು ಮಾತ್ರ ಉಜ್ಜಬೇಡಿ, ಮೆಲ್ಲಗೆ ಒಮ್ಮೆ ಸವರಿ ಸಾಕು, ಜೋರಾಗಿ ಉಜ್ಜಿದರೆ ಕಪ್ಪು ಪದರವೇ ಹೋಗುತ್ತದೆ. ಪ್ಲಾಸ್ಟಿಕ್ ಬಟನ್ನುಗಳನ್ನು ಸೋಪಿನ ನೀರಲ್ಲಿ ತೊಳೆದು, ಪೂರ್ತಿ ಒಣಗಿದ ಮೇಲೆ ಜೋಡಿಸಿ. ಆಟಿಕೆಯ ತಿರುಪು ಪ್ಲಾಸ್ಟಿಕ್‌ನಲ್ಲಿ ಕೂರುವುದು, ಬಿಗಿ ಮಾಡುವಾಗ ಕೈ ಹಗುರ ಇರಲಿ.

ಬಲಗಡೆ ಒತ್ತಿದರೆ ಮೂಲೆಗೆ ಜಾರುವ ರೋಗ ಇದ್ದರೆ, ಬಿಚ್ಚಿದಾಗಲೇ ಅದಕ್ಕೂ ಒಂದು ಮದ್ದು ಮಾಡಬಹುದು. ಬೋರ್ಡಿನಲ್ಲಿ ದಿಕ್ಕಿನ ನಾಲ್ಕು ಜಾಗ ಇವೆಯಲ್ಲ, ಪ್ರತಿಯೊಂದರ ಮೇಲೂ ಸೆಲೋಟೇಪಿನ ತೆಳ್ಳಗಿನ ಪಟ್ಟಿ ಅಂಟಿಸಿ, ಸ್ವಲ್ಪ ಭಾಗ ಮಾತ್ರ ಮುಚ್ಚುವ ಹಾಗೆ. ಆಗ ತಾಗಲು ಸ್ವಲ್ಪ ಜಾಸ್ತಿ ಒತ್ತಬೇಕಾಗುತ್ತದೆ, ಅಕ್ಕಪಕ್ಕದ್ದು ತಾನಾಗಿ ತಾಗುವುದು ಕಡಿಮೆಯಾಗುತ್ತದೆ. ಜಾಸ್ತಿ ಮುಚ್ಚಿದರೆ ಓರೆ ದಿಕ್ಕು ಪೂರ್ತಿ ಹೋಗುತ್ತದೆ. ನನಗೆ ಮೂರು ಸಲ ಅಂಟಿಸಿ ಕಿತ್ತ ಮೇಲೆ ಸರಿಯಾಯಿತು. ಒಂದು ಭಾನುವಾರ ಬೆಳಗ್ಗೆ ಪೂರ್ತಿ ಹೋಯಿತು, ಮಗಳೂ ಜೊತೆ ಕೂತಿದ್ದಳು, ತಿರುಪು ಎಣಿಸಿ ಬಟ್ಟಲಿಗೆ ಹಾಕುವುದು ಅವಳ ಕೆಲಸ.

ಯಾವ ಆಟ ಆಡೋದು? ರಾಮ್ ಎಲ್ಲಿ ಸಿಗುತ್ತೆ?

ರಾಮ್ (ROM) ಅಂದರೆ ಹಳೇ ಆಟದ ಕ್ಯಾಸೆಟ್ಟಿನ ನಕಲು ಫೈಲು. ಹಳೇ ಕಂಪನಿ ಆಟಗಳ ಇಂಥ ಫೈಲುಗಳಿಗೆ ಹಕ್ಕುದಾರರು ಇದ್ದಾರೆ, ಅವನ್ನು ಇಳಿಸಿಕೊಳ್ಳಿ ಅಂತ ನಾನು ಹೇಳುವುದಿಲ್ಲ. ಆಟ ಎಷ್ಟೇ ಹಳೆಯದಾದರೂ ಅದು ಯಾರದೋ ಕೆಲಸ. ಉಚಿತವಾಗಿ, ಮಾಡಿದವರೇ ಕೊಟ್ಟಿರುವ ಆಟಗಳು ಬೇಕಾದಷ್ಟಿವೆ. ಸೂಪರ್‌ಟಕ್ಸ್ ಅಂತ ಪೆಂಗ್ವಿನ್ ಓಡುವ ಆಟ, ಸೂಪರ್‌ಟಕ್ಸ್‌ಕಾರ್ಟ್ ಅಂತ ಗಾಡಿ ರೇಸು. ಎರಡರಲ್ಲೂ ಪ್ಯಾಡ್ ಕೂರಿಸುವ ಜಾಗ ಸೆಟ್ಟಿಂಗ್ಸ್‌ನಲ್ಲೇ ಇದೆ. ರೇಸಿನಲ್ಲಿ ಒಂದೇ ಪರದೆಯನ್ನು ಭಾಗ ಮಾಡಿಕೊಂಡು ಇಬ್ಬರು ಆಡಬಹುದು. ನಮ್ಮ ಮನೆಯಲ್ಲಿ ಜಾಸ್ತಿ ಓಡುವುದು ಅದೇ. ಹಳೇ ಯಂತ್ರಗಳಿಗೆ ಅಂತಲೇ ಈಗಲೂ ಹೊಸ ಆಟ ಬರೆದು ಹಂಚುವವರಿದ್ದಾರೆ, ಅವನ್ನು ಹಳೇ ಯಂತ್ರದಂತೆ ನಟಿಸುವ ರೆಟ್ರೊಆರ್ಚ್ ಅನ್ನೋ ಪ್ರೋಗ್ರಾಂನಲ್ಲಿ ಹಾಕಿಕೊಂಡು ಆಡಬಹುದು.

ಬ್ರೌಸರ್‌ನಲ್ಲೇ ಓಡುವ ಆಟಗಳೂ ಇವೆ. ಪುಟ ತೆರೆದ ಮೇಲೆ ಪ್ಯಾಡ್‌ನ ಯಾವುದಾದರೂ ಬಟನ್ ಒಮ್ಮೆ ಒತ್ತಬೇಕು, ಅಲ್ಲಿಯವರೆಗೆ ಬ್ರೌಸರ್ ಪ್ಯಾಡ್ ಇರುವುದನ್ನು ಆಟಕ್ಕೆ ಹೇಳುವುದಿಲ್ಲ.

ಫೋನಿಗೆ ಹಾಕಬಹುದಾ?

ಓಟಿಜಿ ಅಡಾಪ್ಟರ್ (ಫೋನಿನ ಚಾರ್ಜಿಂಗ್ ತೂತಿಗೆ ಯುಎಸ್‌ಬಿ ಪಿನ್ ಚುಚ್ಚಲು ಬೇಕಾದ ಸಣ್ಣ ಜೋಡಣೆ) ಇದ್ದರೆ ಬಹಳಷ್ಟು ಆಂಡ್ರಾಯ್ಡ್ ಫೋನ್‌ಗಳಲ್ಲಿ ನಡೆಯುತ್ತದೆ.

ಅಟ್ಟದ ಮೇಲೆ ಚಿಕ್ಕಂದಿನ ಟಿವಿ ವಿಡಿಯೋ ಗೇಮ್ ಇದೆ. ಅದರ ರಿಮೋಟ್ ಸಿಸ್ಟಮ್ಮಿಗೆ ಹಾಕಬಹುದಾ ಅಣ್ಣ?

ಈ ಪ್ರಶ್ನೆ ಕೇಳಿದವನು ನನ್ನ ಅತ್ತೆ ಮಗ. ಮೈಸೂರಿನ ಸರಸ್ವತಿಪುರಂ ಮನೆಯಲ್ಲಿ ಬೇಸಿಗೆ ರಜ ಪೂರ್ತಿ ನಾವಿಬ್ಬರೂ ಅದರಲ್ಲೇ ಆಡಿದ್ದು, ಹಳದಿ ಕ್ಯಾಸೆಟ್ ಊದಿ ಊದಿ ಹಾಕಿ. ಕರೆಂಟ್ ಹೋದರೆ ಮತ್ತೆ ಮೊದಲಿನಿಂದ.

ಅದರ 9 ತೂತಿನ ಪಿನ್ ಹಳೇ ಸಿಸ್ಟಮ್ಮಿನ ಹಿಂದಿನ ಸೀರಿಯಲ್ ಪೋರ್ಟ್ ಥರ ಕಾಣುತ್ತದೆ, ಆದರೆ ದಯವಿಟ್ಟು ಅಲ್ಲಿಗೆ ತುರುಕಬೇಡಿ, ಎರಡಕ್ಕೂ ಸಂಬಂಧ ಇಲ್ಲ. ಆ ಟಿವಿ ಗೇಮ್ ಕೂಡ ನಿಂಟೆಂಡೊದ ಹಳೇ ಯಂತ್ರದ ನಕಲೇ. ಮೂಲ ನಿಂಟೆಂಡೊ ರಿಮೋಟಿನ ಒಳಗೆ 4021 ಅನ್ನೋ ಒಂದು ಚಿಪ್ ಇರುತ್ತದೆ, ನಕಲುಗಳೂ ಅದೇ ಕ್ರಮ ಅನುಸರಿಸುತ್ತವೆ. ಯಂತ್ರ ಒಂದು ತಂತಿಯಲ್ಲಿ "ಈಗಿನ ಸ್ಥಿತಿ ಹಿಡಿದಿಡು" ಅನ್ನುತ್ತದೆ, ಇನ್ನೊಂದರಲ್ಲಿ ಒಂದೊಂದು ತಟ್ಟು ಕೊಟ್ಟ ಹಾಗೆ, ಮೂರನೆಯದರಲ್ಲಿ ಎಂಟು ಬಟನ್ನುಗಳ ಸುದ್ದಿ ಒಂದೊಂದಾಗಿ ಬರುತ್ತದೆ. ಕರೆಂಟಿನ ಎರಡು ತಂತಿ ಸೇರಿ ಒಟ್ಟು ಐದು. ಆರ್ಡುಯಿನೊ ಲಿಯೊನಾರ್ಡೊ ಥರದ, ನಾವೇ ಪ್ರೋಗ್ರಾಂ ಹಾಕಬಹುದಾದ ಪುಟ್ಟ ಬೋರ್ಡ್ ಇದನ್ನು ಓದಿ ಸಿಸ್ಟಮ್ಮಿಗೆ ಯುಎಸ್‌ಬಿ ಪ್ಯಾಡ್ ಆಗಿ ತೋರಿಸಬಲ್ಲದು. ಬೆಸುಗೆ ಹಾಕಲು ಬರುವವರಿಗೆ ಒಂದು ಸಂಜೆಯ ಕೆಲಸ. ತಂತಿಯ ಬಣ್ಣ ಮಾತ್ರ ನಂಬಬೇಡಿ, ನಕಲುಗಳಲ್ಲಿ ಒಂದೊಂದರದು ಒಂದೊಂದು ಬಣ್ಣ. ರಿಮೋಟ್ ಬಿಚ್ಚಿ, ಮಲ್ಟಿಮೀಟರ್‌ನಲ್ಲಿ ಪಿನ್‌ನಿಂದ ಬೋರ್ಡಿನವರೆಗೆ ಒಂದೊಂದನ್ನೂ ಹಿಡಿದು ನೋಡಿ, ಚೀಟಿಯಲ್ಲಿ ಬರೆದುಕೊಂಡು ಆಮೇಲೆ ಜೋಡಿಸಿ. ಅವನ ರಿಮೋಟಿನಲ್ಲಿ ಕೆಂಪು ತಂತಿ ಕರೆಂಟಿನದು ಆಗಿರಲಿಲ್ಲ.